ಬ್ಯಾಡಗಿ ದರಪಟ್ಟಿ ಯೋಜನೆ: ಮುಂಬೈ ಪ್ರತಿಗೆ ಕಾವಲು ಕೂರಿಸಿದ ಹಂತ

ಬ್ಯಾಡಗಿ ಮಾರುಕಟ್ಟೆಗೆ ಬರುವ ಒಣಮೆಣಸಿನಕಾಯಿಯ ಆವಕ ಮತ್ತು ದರವನ್ನು ಕಡ್ಡಿ, ಡಬ್ಬಿ, ಗುಂಟೂರು ಎಂದು ತಳಿವಾರು ದಾಖಲಿಸಿಡುವ ನನ್ನ ಹವ್ಯಾಸದ ಡೇಟಾಬೇಸ್ ಇದುವರೆಗೆ ಧಾರವಾಡದ ಮಾಳಮಡ್ಡಿಯ ಮನೆಯ ಒಂದು ಪುಟ್ಟ ಕಂಪ್ಯೂಟರಿನಲ್ಲಿ ಮಾತ್ರ ಇತ್ತು. ಏಪ್ರಿಲ್, ಮೇ ತಿಂಗಳ ಅಡ್ಡಮಳೆಗೆ ಗುಡುಗು ಸಿಡಿಲಿನ ಜೊತೆಗೆ ಕರೆಂಟೂ ಹೋಗುವ ಊರಿನಲ್ಲಿ ವರ್ಷಗಳ ದರಪಟ್ಟಿಯನ್ನು ಒಂದೇ ಡಿಸ್ಕಿನ ಮೇಲೆ ಬಿಡುವುದು ಸರಿಯಲ್ಲವಾದ್ದರಿಂದ, ಅದರ ಜೀವಂತ ಪ್ರತಿಯೊಂದನ್ನು ಅಮೆಜಾನ್ ಕ್ಲೌಡ್‌ನ ಮುಂಬೈ ವಲಯದ ಸಣ್ಣ ಸರ್ವರಿನಲ್ಲಿ ಇರಿಸಿದ್ದೇನೆ. ಪ್ರತಿ ಮಾಡುವ ಕೆಲಸ ಮುಗಿದಿದೆ. ಆ ಪ್ರತಿಯ ಮೇಲೆ ನಿಗಾ ಇಡುವ ಕೆಲಸ ಬಹುಪಾಲು ಮುಗಿದಿದೆ. ಹೆಚ್ಚು ಯೋಚನೆ ಬೇಡಿದ್ದು ಎರಡನೆಯದೇ.

ಡೇಟಾಬೇಸ್ ನಡೆಸುವ ತಂತ್ರಾಂಶ ಪೋಸ್ಟ್‌ಗ್ರೆಸ್. ಯಾವುದೇ ಬದಲಾವಣೆಯನ್ನು ಅದು ಮೊದಲು ವಾಲ್ ಎಂಬ ದಾಖಲೆಗೆ ಬರೆಯುತ್ತದೆ. 16 ಎಂಬಿಯ ತುಂಡುಗಳಾಗಿ ಬೆಳೆಯುವ ಈ ದಾಖಲೆಯನ್ನು ಬರೆದಂತೆಲ್ಲ ಸ್ಟ್ಯಾಂಡ್‌ಬೈ ಸರ್ವರಿಗೆ, ಅಂದರೆ ಪ್ರತಿ ಇರುವ ಸರ್ವರಿಗೆ, ಹರಿಸುವ ಸೌಲಭ್ಯ 2010ರ 9.0 ಆವೃತ್ತಿಯಿಂದಲೂ ಇದೆ. ಸಿಂಕ್ರನಸ್ ಮತ್ತು ಅಸಿಂಕ್ರನಸ್ ಎಂಬ ಎರಡು ದಾರಿಗಳಲ್ಲಿ ಎರಡನೆಯದನ್ನು ಆರಿಸಿದೆ. ಸಿಂಕ್ರನಸ್ ಆದರೆ ಮುಂಬೈಯಿಂದ ಒಪ್ಪಿಗೆ ಬರುವವರೆಗೆ ಧಾರವಾಡದಲ್ಲಿ ಒಂದು ಸಾಲೂ ಕಮಿಟ್ ಆಗುವುದಿಲ್ಲ, ಅಂದರೆ ಖಾಯಂ ಆಗಿ ದಾಖಲಾಗುವುದಿಲ್ಲ; ಅಸಿಂಕ್ರನಸ್‌ನಲ್ಲಿ ಆ ಕಾಯುವಿಕೆ ಇಲ್ಲ. ಮನೆಯ ಫೈಬರ್ ಕಡಿದ ದಿನ ದರ ನಮೂದಿಸುವ ಕೆಲಸವೇ ನಿಂತುಹೋಗುತ್ತದೆ. ಕೊನೆಯ ಕೆಲವು ಕ್ಷಣಗಳ ನಮೂದು ಕಳೆದುಹೋದರೆ ಅದನ್ನು ಮತ್ತೆ ಬರೆಯಬಹುದು, ಆದ್ದರಿಂದ ಆ ನಷ್ಟಕ್ಕೆ ನನ್ನ ತಕರಾರಿಲ್ಲ.

ಹೀಗೆ ಪ್ರತಿ ಮಾಡುವುದಕ್ಕೆ ರೆಪ್ಲಿಕೇಷನ್ ಎನ್ನುತ್ತಾರೆ; ಅದರ ಸ್ಲಾಟ್ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಸ್ಟ್ಯಾಂಡ್‌ಬೈ ತೆಗೆದುಕೊಳ್ಳುವವರೆಗೆ ವಾಲ್ ಕಡತಗಳನ್ನು ಅಳಿಸದೆ ಕಾಯ್ದಿಡುವುದು ಸ್ಲಾಟಿನ ಕೆಲಸ. ಮುಂಬೈ ಸರ್ವರ್ ದೀರ್ಘಕಾಲ ಮಲಗಿದರೆ ಮನೆಯ ಡಿಸ್ಕ್ ತುಂಬಿ ಮೂಲ ಡೇಟಾಬೇಸೇ ನಿಂತುಬಿಡಬಹುದು. 2020ರ 13ನೇ ಆವೃತ್ತಿಯಿಂದ ಇದಕ್ಕೆ ಮಿತಿ ಹಾಕಲು ಸಾಧ್ಯವಿದೆ, ಆದರೆ ಹಾಗೆಯೇ ಬಿಟ್ಟರೆ ಮಿತಿ ಇರುವುದಿಲ್ಲ. ನಾನು 8 ಜಿಬಿ ಎಂದು ಬರೆದಿದ್ದೇನೆ. ಮಿತಿ ಮೀರಿದರೆ ಸ್ಲಾಟ್ ರದ್ದಾಗುತ್ತದೆ, ಪ್ರತಿಯನ್ನು ಮೊದಲಿನಿಂದ ಕಟ್ಟಬೇಕಾಗುತ್ತದೆ; ಮೂಲ ಉಳಿಯುತ್ತದೆ. ಎರಡರಲ್ಲಿ ಒಂದನ್ನು ಬಿಡಬೇಕಾದಾಗ ಪ್ರತಿಯನ್ನೇ ಬಿಡಬೇಕೆಂಬುದು ನನ್ನ ನಿರ್ಧಾರ.

ಈಗ ನಿಗಾ ವ್ಯವಸ್ಥೆಗೆ ಬರುತ್ತೇನೆ. ಪ್ರೊಮಿಥಿಯಸ್ ಎಂಬ ನಿಗಾ ತಂತ್ರಾಂಶವನ್ನು ಮುಂಬೈಯಲ್ಲೇ, ಸ್ಟ್ಯಾಂಡ್‌ಬೈ ಇಲ್ಲದ ಬೇರೊಂದು ಸರ್ವರಿನಲ್ಲಿ ಕೂರಿಸಿದ್ದೇನೆ. ಅದು ತಾನೇ ಹೋಗಿ ಅಂಕಿಗಳನ್ನು ಎಳೆದು ತರುವ ಬಗೆಯದು. ಮನೆಯ ಸಂಪರ್ಕಕ್ಕೆ ಸಾರ್ವಜನಿಕ ಐಪಿ ವಿಳಾಸ ಇಲ್ಲದ್ದರಿಂದ ವೈರ್‌ಗಾರ್ಡ್ ಸುರಂಗವನ್ನು (ಎರಡು ಕಂಪ್ಯೂಟರುಗಳ ನಡುವಿನ ಗೂಢಲಿಪಿಯ ಖಾಸಗಿ ಸಂಪರ್ಕ) ಮನೆಯ ಕಡೆಯಿಂದ ತೆರೆದು, 25 ಸೆಕೆಂಡಿಗೊಮ್ಮೆ ಸದ್ದು ಮಾಡಿ ಅದನ್ನು ಜೀವಂತವಾಗಿಡುವಂತೆ ಹೇಳಿದ್ದೇನೆ.

ಪ್ರತಿ ಎಷ್ಟು ಹಿಂದುಳಿದಿದೆ ಎಂಬುದನ್ನು ಅಳೆಯುವುದೇ ಇಲ್ಲಿನ ತಿರುಳು. ಸಾಮಾನ್ಯವಾಗಿ ಸೂಚಿಸುವ ಲೆಕ್ಕ ಸರಳ: ಸ್ಟ್ಯಾಂಡ್‌ಬೈ ಕೊನೆಯದಾಗಿ ಅನ್ವಯಿಸಿಕೊಂಡ ಕಮಿಟ್‌ನ ಸಮಯವನ್ನು ಈಗಿನ ಸಮಯದಿಂದ ಕಳೆಯುವುದು. ದಿನವಿಡೀ ವಹಿವಾಟು ಇರುವ ಬ್ಯಾಂಕಿಗೆ ಇದು ಸರಿಹೋಗುತ್ತದೆ. ಆದರೆ ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ದೊಡ್ಡ ವಹಿವಾಟು ನಡೆಯುವುದು ಸೋಮವಾರ ಮತ್ತು ಗುರುವಾರ. ಸೋಮವಾರ ರಾತ್ರಿಯ ಕೊನೆಯ ನಮೂದಿನ ನಂತರ ಮಂಗಳವಾರ, ಬುಧವಾರ ಬರೆಯಲು ಏನೂ ಇರುವುದಿಲ್ಲ. ಪ್ರತಿ ಮೂಲಕ್ಕೆ ಅಕ್ಷರಶಃ ಸಮವಾಗಿದ್ದರೂ ಬುಧವಾರದ ಹೊತ್ತಿಗೆ ಈ ಲೆಕ್ಕ ಅದನ್ನು ಒಂದು ದಿನಕ್ಕೂ ಮಿಕ್ಕಿ ಹಿಂದುಳಿದಿದೆ ಎಂದು ತೋರಿಸುತ್ತದೆ. ಇದನ್ನು ಸರಿಪಡಿಸಲು ಇನ್ನೊಂದು ಉಪಾಯ ಪ್ರಚಾರದಲ್ಲಿದೆ: ಸ್ಟ್ಯಾಂಡ್‌ಬೈ ಸ್ವೀಕರಿಸಿದ ವಾಲ್ ಸ್ಥಾನವೂ ಅನ್ವಯಿಸಿಕೊಂಡ ಸ್ಥಾನವೂ ಒಂದೇ ಆಗಿದ್ದರೆ ಲ್ಯಾಗ್, ಅಂದರೆ ಹಿಂದುಳಿದ ಅಂತರ, ಸೊನ್ನೆ ಎಂದುಬಿಡುವುದು. ಇದು ಮೊದಲಿನದಕ್ಕಿಂತ ಅಪಾಯಕಾರಿ, ಏಕೆಂದರೆ ಸುರಂಗ ಕಡಿದಾಗ ಹೊಸದೇನೂ ಸ್ವೀಕಾರವಾಗುವುದಿಲ್ಲ, ಎರಡೂ ಸ್ಥಾನಗಳು ಸಮವಾಗಿಯೇ ನಿಲ್ಲುತ್ತವೆ, ಮತ್ತು ಸಂಪರ್ಕವೇ ಇಲ್ಲದ ಪ್ರತಿ ನಿಗಾ ಪರದೆಯ ಮೇಲೆ ಹಸಿರು ಬಣ್ಣದಲ್ಲಿ ಹೊಳೆಯುತ್ತದೆ.

ಆದ್ದರಿಂದ ಮೂಲದಲ್ಲಿ ಒಂದೇ ಸಾಲಿನ ಒಂದು ಟೇಬಲ್ ಮಾಡಿ, ನಿಮಿಷಕ್ಕೊಮ್ಮೆ ಅದರಲ್ಲಿ ಆಗಿನ ಸಮಯ ಬರೆಯುವ ವ್ಯವಸ್ಥೆ ಮಾಡಿದ್ದೇನೆ. ಮುಂಬೈಯಲ್ಲಿ ಆ ಸಾಲನ್ನು ಓದಿ ಅದರ ವಯಸ್ಸನ್ನು ನೋಡಿದರೆ ಸಾಕು. ಮಾರುಕಟ್ಟೆ ಇರಲಿ ಬಿಡಲಿ, ಮೂಲ, ಸುರಂಗ, ಪ್ರತಿ ಮೂರೂ ಸರಿಯಿದ್ದರೆ ಮಾತ್ರ ಆ ವಯಸ್ಸು ಒಂದು ನಿಮಿಷದ ಆಸುಪಾಸಿನಲ್ಲಿ ಇರುತ್ತದೆ. ಎರಡೂ ಕಡೆಯ ಗಡಿಯಾರಗಳು ಹೊಂದಿಕೊಂಡಿರಬೇಕು, ಅದಕ್ಕೆ ಕ್ರೋನಿ ಎಂಬ ಗಡಿಯಾರ ಹೊಂದಿಸುವ ತಂತ್ರಾಂಶ ಇದೆ.

ನಿಮಿಷಕ್ಕೊಮ್ಮೆ ಬೀಳುವ ಈ ಬರಹವನ್ನು ಮಿಡಿತ ಎನ್ನುತ್ತೇನೆ. ಅದಕ್ಕೆ ಒಂದು ಅಡ್ಡಪರಿಣಾಮ ಇದೆ. ವಾಲ್ ಕಡತಗಳನ್ನು ನಾನು ಪ್ರತ್ಯೇಕವಾಗಿ ಕ್ಲೌಡ್ ಸಂಗ್ರಹಕ್ಕೂ ಕಳುಹಿಸುತ್ತೇನೆ, ಏಕೆಂದರೆ ರೆಪ್ಲಿಕೇಷನ್ ಬ್ಯಾಕಪ್ ಅಲ್ಲ. ತಪ್ಪಿ ಒಂದು ಟೇಬಲ್ ಅಳಿಸಿದರೆ ಆ ಅಳಿಸುವಿಕೆಯೂ ಅಷ್ಟೇ ನಿಷ್ಠೆಯಿಂದ ಮುಂಬೈ ತಲುಪುತ್ತದೆ. ಐದು ನಿಮಿಷಕ್ಕೊಮ್ಮೆ ಕಡತ ಬದಲಿಸು ಎಂಬ ಸೂಚನೆ ಬರವಣಿಗೆಯೇ ಇಲ್ಲದ ದಿನ ಜಾರಿಯಾಗುವುದಿಲ್ಲ. ಆದರೆ ನಿಮಿಷಕ್ಕೊಂದು ಮಿಡಿತ ಬಿದ್ದರೆ ಪ್ರತಿ ಸಲವೂ ಬರವಣಿಗೆ ಇದ್ದಂತೆಯೇ: ದಿನಕ್ಕೆ 288 ಕಡತ, ತಲಾ 16 ಎಂಬಿಯಂತೆ 4,608 ಎಂಬಿ, ಅದೂ ಹೆಚ್ಚುಕಡಿಮೆ ಸೊನ್ನೆಗಳನ್ನೇ ತುಂಬಿಕೊಂಡದ್ದು. ಮಾರುಕಟ್ಟೆ ಇಲ್ಲದ ದಿನಗಳಿಗೆ ಆ ಅವಧಿಯನ್ನು ಒಂದು ಗಂಟೆಗೆ ಏರಿಸಿ, ಕಡತಗಳನ್ನು ಕುಗ್ಗಿಸಿ ಕಳುಹಿಸುತ್ತಿದ್ದೇನೆ.

ಅಲರ್ಟುಗಳಲ್ಲಿ ಜಿಪುಣತನವೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಮಿಡಿತದ ವಯಸ್ಸು ಐದು ನಿಮಿಷ ದಾಟಿ ಹತ್ತು ನಿಮಿಷ ಹಾಗೆಯೇ ಉಳಿದರೆ ಫೋನಿಗೆ ಸಂದೇಶ ಬರುತ್ತದೆ. ಮನೆಯ ಕರೆಂಟು ಹೋಗಿ ಯುಪಿಎಸ್ ಕೂಡ ಬರಿದಾದರೆ ಸುರಂಗ, ಕಂಪ್ಯೂಟರ್, ಪೋಸ್ಟ್‌ಗ್ರೆಸ್, ಮಿಡಿತ ನಾಲ್ಕೂ ಒಟ್ಟಿಗೆ ಕೂಗುತ್ತವೆ. ಸುರಂಗದ ಅಲರ್ಟ್ ಇರುವಾಗ ಉಳಿದ ಮೂರನ್ನು ತಡೆಯುವ ನಿಯಮವನ್ನು, ಪ್ರೊಮಿಥಿಯಸ್‌ನ ಸಂದೇಶಗಳನ್ನು ರವಾನಿಸುವ ಅಲರ್ಟ್‌ಮ್ಯಾನೇಜರ್‌ನಲ್ಲಿ ಬರೆದಿದ್ದೇನೆ. ಅದರ ಮೂಲ ಹೊಂದಾಣಿಕೆಯಂತೆ ಬಗೆಹರಿಯದ ಅಲರ್ಟ್ ನಾಲ್ಕು ಗಂಟೆಗೊಮ್ಮೆ ಮತ್ತೆ ಬರುತ್ತದೆ, ಅದನ್ನು ಬದಲಿಸಿಲ್ಲ. ನಡುರಾತ್ರಿ ನಿದ್ದೆ ಕೆಡಿಸುವ ಹಕ್ಕು ಇರುವುದು ಒಂದಕ್ಕೆ ಮಾತ್ರ: ಈಗಿನ ವೇಗದಲ್ಲಿ ಮನೆಯ ಡಿಸ್ಕ್ ಬೆಳಗಾಗುವುದರೊಳಗೆ ತುಂಬುತ್ತದೆ ಎಂಬ ಮುನ್ಸೂಚನೆಗೆ.

ದರ ನಮೂದಾಗದೆ ಉಳಿದರೆ ಎಚ್ಚರಿಸುವ ನಿಯಮ ಬೇರೆ. ಪ್ರೊಮಿಥಿಯಸ್ ವಾರವನ್ನು ಭಾನುವಾರ ಸೊನ್ನೆ ಎಂದು ಎಣಿಸುತ್ತದೆ, ಆದ್ದರಿಂದ ನಮಗೆ ಬೇಕಾದವು 1 ಮತ್ತು 4. ಗಂಟೆಯನ್ನು ಅದು ಯುಟಿಸಿಯಲ್ಲೇ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯದಲ್ಲೇ, ಹೇಳುತ್ತದೆ. 15 ಎಂದರೆ ನಮ್ಮಲ್ಲಿ ರಾತ್ರಿ ಎಂಟೂವರೆಯಿಂದ ಒಂಬತ್ತೂವರೆ. ಆ ಹೊತ್ತಿಗೂ ಆ ದಿನದ ಹೊಸ ಸಾಲು ಇಲ್ಲದಿದ್ದರೆ ಸಂದೇಶ ಬರುತ್ತದೆ. ಹಬ್ಬದ ರಜೆಗಳ ಪಟ್ಟಿಯನ್ನು ಇನ್ನೂ ಸೇರಿಸಬೇಕಿದೆ.

ಸಂದೇಶ ಹೋಗುವ ದಾರಿಯೇ ಮುಚ್ಚಿದ್ದರೆ ಇವೆಲ್ಲ ಹೊಲದ ಬೆದರುಬೊಂಬೆಯಷ್ಟೇ ಕಾವಲು. 2017ರ ಜನವರಿ 31ರಂದು ತಂತ್ರಾಂಶ ಕೋಡ್ ಇಡುವ ತಾಣ ಗಿಟ್‌ಲ್ಯಾಬ್ ತನ್ನ ಮೂಲ ಡೇಟಾಬೇಸ್ ಕಳೆದುಕೊಂಡಾಗ ನಿತ್ಯದ ಬ್ಯಾಕಪ್‌ಗಳೂ ಇರಲಿಲ್ಲ: ಬ್ಯಾಕಪ್ ತೆಗೆಯುವ ಸಾಧನದ ಆವೃತ್ತಿ 9.2, ಡೇಟಾಬೇಸ್ 9.6, ಎರಡಕ್ಕೂ ಹೊಂದಿಕೆಯಾಗದೆ ಬ್ಯಾಕಪ್ ವಿಫಲವಾಗುತ್ತಿತ್ತು; ಅದನ್ನು ತಿಳಿಸುವ ಇಮೇಲ್‌ಗಳು ಡಿಮಾರ್ಕ್ ಎಂಬ ಇಮೇಲ್ ದೃಢೀಕರಣ ಇಲ್ಲದೆ ತಿರಸ್ಕೃತವಾಗುತ್ತಿದ್ದವು. ಆ ಸಂಸ್ಥೆ ತಾನೇ ಬಿಚ್ಚಿಟ್ಟ ಈ ವಿವರವನ್ನು ಓದಿದ ಮೇಲೆ, ಸದಾ ಉರಿಯುತ್ತಲೇ ಇರುವ ಒಂದು ಅಲರ್ಟ್ ಇಟ್ಟಿದ್ದೇನೆ. ಅದು ಹೊರಗಿನ ಒಂದು ಸೇವೆಗೆ ನಿರಂತರವಾಗಿ ಹೋಗುತ್ತಿರುತ್ತದೆ. ಅದು ನಿಂತರೆ ಆ ಸೇವೆಯೇ ನನಗೆ ಕರೆ ಮಾಡುತ್ತದೆ.

ಉಳಿದಿರುವುದು ಮರುಸ್ಥಾಪನೆಯ ತಾಲೀಮು. ಜನವರಿಯಲ್ಲಿ ಮೆಣಸಿನಕಾಯಿ ಸುಗ್ಗಿ ಜೋರಾಗುವ ಮೊದಲು, 2022ರ ನವೆಂಬರಿನಲ್ಲಿ ತೆರೆದ ಹೈದರಾಬಾದ್ ವಲಯದಲ್ಲಿ ತಾತ್ಕಾಲಿಕ ಸರ್ವರೊಂದನ್ನು ಎಬ್ಬಿಸಿ, ಸಂಗ್ರಹದಲ್ಲಿರುವ ವಾಲ್ ಕಡತಗಳಿಂದಲೇ ಆಯ್ದ ಒಂದು ಗುರುವಾರದ ಸಂಜೆಯವರೆಗಿನ ಡೇಟಾಬೇಸ್ ಕಟ್ಟಿ, ಆ ದಿನದ ಡಬ್ಬಿ ದರವನ್ನು ಕಾಗದದ ಪಟ್ಟಿಯೊಂದಿಗೆ ತಾಳೆ ನೋಡಬೇಕು. ಅದಕ್ಕೆ ತಗಲುವ ಸಮಯವನ್ನೂ ಅಳತೆಯ ಪಟ್ಟಿಗೆ ಸೇರಿಸುತ್ತೇನೆ.