ಕಿಟಕಿಯಲ್ಲಿ ಒಣಗ್ತಿರೋ ಸ್ಪಂಜ್

ಇವತ್ತು ಮಲಾವಿಯ ಒಂದು ಜಿಲ್ಲಾ ಆಸ್ಪತ್ರೇಲಿ ಅನಸ್ತೀಷಿಯಾ ಪಾಠ ಶುರುವಾಗಿದ್ದು ಸ್ಪಂಜಿನಿಂದ. ಆಕ್ಸಿಜನ್ ಕಾನ್ಸಂಟ್ರೇಟರ್ ಹಿಂದಿನ ಫಿಲ್ಟರ್. ಕಪ್ಪಗಿರಬೇಕಾದ್ದು ಕೆಂಪಗಾಗಿತ್ತು, ಅಷ್ಟು ಧೂಳು.

ಈ ಡಬ್ಬ ಆಕ್ಸಿಜನ್ ತಯಾರಿಸಲ್ಲ, ಸೋಸುತ್ತೆ ಅಷ್ಟೇ. ಗಾಳಿನ ಒತ್ತಿ ಜಿಯೋಲೈಟ್ ಹರಳುಗಳ ಮೂಲಕ ಬಿಟ್ಟರೆ ನೈಟ್ರೋಜನ್ ಅಲ್ಲೇ ಅಂಟಿಕೊಳ್ಳುತ್ತೆ, ಸುಮಾರು 93% ಆಕ್ಸಿಜನ್ ಹೊರಗೆ ಬರುತ್ತೆ.

ಸ್ಪಂಜಲ್ಲಿ ಧೂಳು ಕಟ್ಟಿಕೊಂಡರೆ ಗಾಳಿ ಒತ್ತೋ ಕಂಪ್ರೆಸರ್ ಬಿಸಿಯಾಗುತ್ತೆ. ವಾರಕ್ಕೊಮ್ಮೆ ಸೋಪಿನ ನೀರಲ್ಲಿ ತೊಳೆದು, ಹಿಂಡಿ, ಪೂರ್ತಿ ಒಣಗಿಸಬೇಕು. ಅವಸರಕ್ಕೆ ಒದ್ದೆಯದನ್ನೇ ತುರುಕಿದರೆ ತೇವ ಒಳಗೆ. ಜಿಯೋಲೈಟ್‌ಗೆ ನೈಟ್ರೋಜನ್‌ಗಿಂತ ನೀರಿನ ಮೇಲೇ ಪ್ರೀತಿ ಜಾಸ್ತಿ, ನೀರು ಹಿಡ್ಕೊಂಡ್ರೆ ನೈಟ್ರೋಜನ್ ಬಿಟ್ಟುಬಿಡುತ್ತೆ! ಎರಡು ಸ್ಪಂಜ್ ಇಟ್ಕೊಂಡರೆ ಈ ತಾಪತ್ರಯವೇ ಇಲ್ಲ.

ಹರಿವು ಅಳೆಯೋ ಫ್ಲೋಮೀಟರಿನ ಗುಂಡು ನಿಮಿಷಕ್ಕೆ 5 ಲೀಟರ್ ತೋರಿಸಿದ್ರೂ ನಂಬಬೇಡಿ. ಟ್ಯೂಬಿನ ತುದಿನ ಲೋಟದ ನೀರಲ್ಲಿ ಅದ್ದಿ. ಗುಳ್ಳೆ ಬರದಿದ್ದರೆ ಎಲ್ಲೋ ಸೋರ್ತಿದೆ. ಮೊದಲು ಹ್ಯೂಮಿಡಿಫೈಯರ್ (ಆಕ್ಸಿಜನ್‌ಗೆ ತೇವ ಸೇರಿಸೋ) ಬಾಟಲಿ ಮುಚ್ಚಳ ತಿರುಗಿಸಿ ನೋಡಿ. ಗುಳ್ಳೆ ಬಂದರೂ ಗೊತ್ತಾಗೋದು ಹರಿವು ಮಾತ್ರ, ಶುದ್ಧತೆ ಅಲ್ಲ. ಅದಕ್ಕೆ ಆಕ್ಸಿಜನ್ ಅನಲೈಸರ್ರೇ ಬೇಕು. 5 ಲೀಟರಿನ ಮೆಷಿನ್ನಿಂದ 7 ಎಳೆಯೋಕೆ ಹೋದ್ರೆ ಶುದ್ಧತೆ ಇಳಿಯುತ್ತೆ.

ಕರೆಂಟ್ ಹೋಗಿ ಕಾನ್ಸಂಟ್ರೇಟರ್ ನಿಂತರೆ? ಮಲಾವಿಯ ಬ್ಲಾಂಟೈರ್ ನಗರದಲ್ಲಿ ಕೆಲಸ ಮಾಡಿದ್ದ ಡಾ. ಪಾಲ್ ಫೆಂಟನ್ ರೂಪಿಸಿದ ಯೂನಿವರ್ಸಲ್ ಅನಸ್ತೀಷಿಯಾ ಮೆಷಿನ್ ಕೋಣೆಯ ಗಾಳಿನೇ ಎಳ್ಕೊಳ್ಳುತ್ತೆ. ಜಾಣ ಯಂತ್ರ. ಆದರೆ ಕೋಣೆಯ ಗಾಳಿ ಅಂದ್ರೆ 21% ಆಕ್ಸಿಜನ್ ಅಷ್ಟೇ. ಅನಸ್ತೀಷಿಯಾ ನಿಲ್ಲಲ್ಲ, ಆದ್ರೆ ಆಕ್ಸಿಜನ್ ಇಳಿಯುತ್ತೆ. ಆಗ ಕೈ ಸಿಲಿಂಡರ್ ಮೇಲೆ, ಕಿವಿ ಪಲ್ಸ್ ಆಕ್ಸಿಮೀಟರ್ ಕಡೆ. ಬೀಪ್ ದನಿ ತಗ್ಗಿತು ಅಂದ್ರೆ ಸ್ಯಾಚುರೇಶನ್ (ರಕ್ತದ ಆಕ್ಸಿಜನ್ ಮಟ್ಟ) ಜಾರ್ತಿದೆ, ಪರದೆ ನೋಡೋಕೂ ಮುಂಚೆ ಕಿವಿಗೆ ಗೊತ್ತಾಗುತ್ತೆ.

ಸ್ಪಂಜ್ ಇನ್ನೂ ಒಣಗಿಲ್ಲ. ಮೋಡ ಬೇರೆ.