ಸಹಿ ಹಾಕುವವರು, ಹಾಕದವರು

ಸಿಂಧನೂರಿನಲ್ಲಿ ನನ್ನದೊಂದು ಝೆರಾಕ್ಸ್, ಟೈಪಿಂಗ್ ಅಂಗಡಿ ಇದೆ. ಪಹಣಿ, ಆಧಾರ್, ಪಾಸ್‌ಪೋರ್ಟ್ ಅರ್ಜಿ ಎಲ್ಲ ಮಾಡುತ್ತೇನೆ. ಆದರೆ ನನಗೆ ಇಷ್ಟವಾದ ಕೆಲಸ ಮನವಿ ಪತ್ರ. ಎಡದಂಡೆ ಕಾಲುವೆಯ ಕೊನೆ ಭಾಗಕ್ಕೆ ನೀರು ಬಂದಿಲ್ಲ, ಊರಿಗೆ ಬಸ್ಸಿಲ್ಲ, ರೇಷನ್ ಅಂಗಡಿಯಲ್ಲಿ ತೂಕ ಕಡಿಮೆ. ಟೈಪ್ ಮಾಡೋದು ಹತ್ತು ನಿಮಿಷದ ಮಾತು. ಕೆಳಗೆ ಸಹಿ ಹಾಕಿಸೋದೇ ದೊಡ್ಡ ಕೆಲಸ. ಎಲ್ಲರಿಗಿಂತ ಜೋರಾಗಿ ಬೈದವನ ಕೈಗೆ ಪೆನ್ನು ಕೊಟ್ಟು ನೋಡಿ. "ನನ್ನ ಹೆಸರು ಯಾಕ ಬಿಡ್ರಿ, ನಮ್ಮಣ್ಣಂದು ಹಾಕ್ರಿ" ಅಂತಾನೆ. ಇಲ್ಲಿ ಸಹಿ ಹಾಕಿದರೆ ಜೈಲಿಲ್ಲ. ಹೆಚ್ಚೆಂದರೆ ಮುಂದಿನ ಸಲ ಆಫೀಸಿಗೆ ಹೋದಾಗ ಸಾಹೇಬರು ಮುಖ ಗಂಟು ಹಾಕಿಕೊಳ್ಳಬಹುದು. ಅಷ್ಟಕ್ಕೇ ಹೀಗೆ.

ಈ ಕಣ್ಣಿನಿಂದಲೇ ನಾನು ರಷ್ಯಾದ ಸುದ್ದಿ ಓದುತ್ತೇನೆ. ಓದೋಕೆ ಕಾರಣವೂ ಇದೆ. ಅಕ್ಕನ ಮಗ ಅಲ್ಲಿ ಎಂಬಿಬಿಎಸ್ ಓದುತ್ತಿದ್ದಾನೆ. ಯಾವ ಊರು ಅಂತ ಬರೆಯೋದು ಬೇಡ ಅಂದಿದ್ದಾನೆ, ಬರೆಯಲ್ಲ. ಯುದ್ಧದ ವಿಷಯ ತೆಗೆದರೆ ಸಾಕು, "ಮಾಮಾ, ಊಟ ಆತೇನ್ರಿ?" ಅಂತ ಮಾತು ತಿರುಗಿಸುತ್ತಾನೆ. 2025ರ ಆಗಸ್ಟ್‌ನಿಂದ ಅಲ್ಲಿ ವಾಟ್ಸಾಪ್ ಕರೆಗಳಿಗೂ ತಡೆ ಬಿತ್ತು. ಈಗ ಅವನು ಫೋನ್ ಮಾಡೋದೇ ಕಡಿಮೆ, ಅಕ್ಕನಿಗೆ ದಿನವೂ ಗಾಬರಿ.

ನನ್ನ ಪಕ್ಕದ ಬೀಜ-ಗೊಬ್ಬರದ ಅಂಗಡಿಯ ಗೆಳೆಯನಿಗೆ ಇದೆಲ್ಲ ದೊಡ್ಡ ವಿಷಯವೇ ಅಲ್ಲ. "ಅಲ್ಲಿ ನೂರಕ್ಕೆ ಎಂಬತ್ತು ಮಂದಿ ಪುಟಿನ್ ಕಡೆ ಅದಾರ. ಅವರಿಗೇ ಬೇಕಾಗೈತಿ, ನಾವ್ಯಾಕ ತಲಿ ಕೆಡಿಸ್ಕೊಳ್ಳೋದು?"

ಲೆಕ್ಕ ಸುಳ್ಳಲ್ಲ. ಲೆವಾಡಾ ಸೆಂಟರ್ ಅನ್ನೋ ರಷ್ಯಾದ ಸಂಸ್ಥೆಯ ಸಮೀಕ್ಷೆ ಅದು. ಸರ್ಕಾರದ ಬಾಲಂಗೋಚಿಯೂ ಅಲ್ಲ, 2016ರಲ್ಲೇ ಸರ್ಕಾರ ಅದಕ್ಕೆ 'ವಿದೇಶಿ ಏಜೆಂಟ್' ಅನ್ನೋ ಹಣೆಪಟ್ಟಿ ಹಚ್ಚಿದೆ. ಆದರೆ ಬಾಗಿಲಲ್ಲಿ ನಿಂತು ಪ್ರಶ್ನೆ ಕೇಳುವ ಅಪರಿಚಿತನಿಗೆ ಯಾರು ಏನು ಹೇಳುತ್ತಾರೆ? 2022ರ ಮಾರ್ಚ್‌ನಲ್ಲಿ ಬಂದ ಕಾನೂನಿನ ಪ್ರಕಾರ ಸೈನ್ಯದ ಬಗ್ಗೆ 'ಸುಳ್ಳು ಸುದ್ದಿ' ಹಬ್ಬಿಸಿದರೆ 15 ವರ್ಷದವರೆಗೆ ಜೈಲು. ಯಾವುದು ಸುಳ್ಳು ಅಂತ ತೀರ್ಮಾನಿಸೋದು ಸರ್ಕಾರವೇ. ಅಲೆಕ್ಸಿ ಗೊರಿನೊವ್ ಮಾಸ್ಕೋದ ಒಂದು ವಾರ್ಡಿನ ಕೌನ್ಸಿಲರ್ ಆಗಿದ್ದರು. ಮಕ್ಕಳ ಚಿತ್ರಕಲಾ ಸ್ಪರ್ಧೆ ಇಡೋಣ ಅನ್ನೋ ಮಾತು ಸಭೆಯಲ್ಲಿ ಬಂದಾಗ, ಅತ್ತ ಯುಕ್ರೇನ್‌ನಲ್ಲಿ ಮಕ್ಕಳು ಸಾಯುತ್ತಿರುವಾಗ ಇದೇನು ಅಂದರು. ಏಳು ವರ್ಷ ಶಿಕ್ಷೆಯಾಯಿತು.

ಸಾಶಾ ಸ್ಕೊಚಿಲೆಂಕೊ ಕಥೆ ನನ್ನ ತಲೆಯಿಂದ ಹೋಗೋದೇ ಇಲ್ಲ. ಸೇಂಟ್ ಪೀಟರ್ಸ್‌ಬರ್ಗ್‌ನ ಕಲಾವಿದೆ. ಸೂಪರ್ ಮಾರ್ಕೆಟ್‌ಗೆ ಹೋಗಿ, ಸಾಮಾನಿನ ಕೆಳಗೆ ಬೆಲೆಯ ಚೀಟಿ ಇರುತ್ತದಲ್ವಾ, ಅದನ್ನು ತೆಗೆದು ಅದೇ ಅಳತೆಯ ತನ್ನ ಚೀಟಿ ಸಿಕ್ಕಿಸಿದಳು. ಅದರಲ್ಲಿ ಬೆಲೆಯ ಬದಲು ಯುದ್ಧದ ಸುದ್ದಿ. ಅಂಥ ಚೀಟಿ ನಾನೂ ಕಿರಾಣಿ ಅಂಗಡಿಯವರಿಗೆ ಪ್ರಿಂಟ್ ಹಾಕಿಕೊಡುತ್ತೇನೆ, ಒಂದು ಎ4 ಹಾಳೆಗೆ ಎಷ್ಟೋ ಕೂರುತ್ತವೆ. ಐದು ಚೀಟಿಗೆ ಅವಳಿಗೆ ಏಳು ವರ್ಷ! ಕೈದಿಗಳ ಅದಲುಬದಲಿನಲ್ಲಿ 2024ರ ಆಗಸ್ಟ್‌ನಲ್ಲಿ ಹೊರಗೆ ಬಂದಳು ಅನ್ನೋದು ಬೇರೆ ಮಾತು. ದೂರು ಕೊಟ್ಟದ್ದು ಸಾಮಾನು ಕೊಳ್ಳಲು ಬಂದಿದ್ದ ಒಬ್ಬ ಅಜ್ಜಿ. ಮಾಸ್ಕೋದ ಮಕ್ಕಳ ಡಾಕ್ಟರ್ ನದೇಝ್ದಾ ಬುಯನೋವಾ ವಿಷಯದಲ್ಲೂ ಹಾಗೇ. ತಾಯಿಯೊಬ್ಬಳು ಮಗುವನ್ನು ತೋರಿಸಲು ಬಂದಿದ್ದಳು. ಆ ಮಗುವಿನ ತಂದೆ ಯುದ್ಧದಲ್ಲಿ ಸತ್ತಿದ್ದ. ಡಾಕ್ಟರ್ ಯುದ್ಧದ ವಿರುದ್ಧ ಮಾತಾಡಿದರು ಅಂತ ಅವಳು ದೂರು ಕೊಟ್ಟಳು. ನಾನು ಹಾಗೆ ಅಂದೇ ಇಲ್ಲ ಅಂದರು ಡಾಕ್ಟರ್. 68ರ ವಯಸ್ಸಿನಲ್ಲಿ ಅವರಿಗೆ ಐದೂವರೆ ವರ್ಷ.

ಪೊಲೀಸ್ ಬೀದಿಯಲ್ಲಿದ್ದರೆ ಮನೆಯೊಳಗಾದರೂ ಮಾತಾಡಬಹುದು. ಕ್ಯೂನಲ್ಲಿ ಹಿಂದೆ ನಿಂತ ಅಜ್ಜಿಯೇ ದೂರು ಕೊಡುವಂತಿದ್ದರೆ? ನಮ್ಮ ಹುಡುಗ ಊಟದ ಮಾತು ತೆಗೆಯೋದು ಸುಮ್ನೆ ಅಲ್ಲ.

ಹಾಗಂತ ಎಲ್ಲರೂ ಹೆದರಿಯೇ 'ಹೌದು' ಅಂತಾರೆ ಅನ್ನೋದನ್ನೂ ನಾನು ಒಪ್ಪಲ್ಲ. ನಿಜವಾಗಿ ಬೆಂಬಲಿಸುವವರು ಬೇಕಾದಷ್ಟಿದ್ದಾರೆ. ನನಗೇನೂ ಆಗಿಲ್ಲವಲ್ಲ, ಬಾಯಿ ಬಿಟ್ಟವರಿಗೆ ತಾನೇ ಆಗಿದ್ದು ಅನ್ನುವವರು ಇನ್ನೂ ಜಾಸ್ತಿ ಇರಬೇಕು. 2022ರ ಸೆಪ್ಟೆಂಬರ್ 21ರಂದು ಪುಟಿನ್ ಸರ್ಕಾರ ಮೂರು ಲಕ್ಷ ಜನರನ್ನು ಸೈನ್ಯಕ್ಕೆ ಕರೆಸುತ್ತೇವೆ ಅಂದಾಗ, ಅದೇ ಲೆವಾಡಾ ಲೆಕ್ಕದಲ್ಲಿ ಬೆಂಬಲ ಆಗಸ್ಟ್‌ನ 83ರಿಂದ 77ಕ್ಕೆ ಇಳಿಯಿತು. ಜಾರ್ಜಿಯಾ, ಕಝಾಕಸ್ತಾನದ ಗಡಿಯಲ್ಲಿ ಮೈಲುಗಟ್ಟಲೆ ಕಾರುಗಳು ನಿಂತವು. ವರ್ಷ ಮುಗಿಯುವಷ್ಟರಲ್ಲಿ ಬೆಂಬಲ ಮತ್ತೆ 80 ದಾಟಿತು. ಆಮೇಲೆ ಸರ್ಕಾರ ಎಲ್ಲರನ್ನೂ ಎಳೆಯೋದು ಬಿಟ್ಟು ದುಡ್ಡು ಕೊಟ್ಟು ಕರೆಯಿತು. ತುವಾ, ಬುರ್ಯಾತಿಯಾದಂಥ ಬಡ ಪ್ರದೇಶಗಳ ಹುಡುಗರು ಹೆಚ್ಚು ಸತ್ತರು. ಬಡತನ ಹೇಗೆ ಕೆಲಸ ಮಾಡುತ್ತದೆ ಅಂತ ನಮ್ಮ ಕಲ್ಯಾಣ ಕರ್ನಾಟಕದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಸೆಕ್ಯುರಿಟಿ ಕೆಲಸ ಅಂತ ನಂಬಿ ಹೋದ ಕಲಬುರಗಿಯ ಹುಡುಗರು ಇದೇ ಯುದ್ಧದಲ್ಲಿ ಸಿಕ್ಕಿಬಿದ್ದದ್ದನ್ನು 2024ರಲ್ಲಿ ಪೇಪರಿನಲ್ಲಿ ಓದಿದ್ದೇವೆ.

ಸಹಿಯ ಮಾತಿಗೆ ಬರುತ್ತೇನೆ. 2024ರ ಜನವರಿಯಲ್ಲಿ, ಯುದ್ಧ ನಿಲ್ಲಬೇಕು ಅನ್ನುತ್ತಿದ್ದ ಬೋರಿಸ್ ನದೇಝ್ದಿನ್ ಅಧ್ಯಕ್ಷ ಚುನಾವಣೆಗೆ ನಿಲ್ಲಲು ಒಂದು ಲಕ್ಷ ಸಹಿ ಬೇಕಿತ್ತು. ಸಹಿ ಹಾಕುವವರು ಹೆಸರು, ವಿಳಾಸ, ಪಾಸ್‌ಪೋರ್ಟ್ ನಂಬರ್ ಎಲ್ಲ ಬರೆಯಬೇಕು. ಆ ಹಾಳೆ ಹೋಗುವುದು ಸರ್ಕಾರದ ಕೈಗೇ. ಅಂಥ ಚಳಿಯಲ್ಲಿ ಜನ ಊರೂರಲ್ಲಿ ಸಾಲುಗಟ್ಟಿ ನಿಂತು ಸಹಿ ಹಾಕಿದರು. ಸುಮಾರು 1,05,000 ಸಹಿ ಸಲ್ಲಿಸಿದರೆ, ಒಂಬತ್ತು ಸಾವಿರಕ್ಕಿಂತ ಹೆಚ್ಚು ಸರಿಯಿಲ್ಲ ಅಂತ ಚುನಾವಣಾ ಆಯೋಗ ನಾಮಪತ್ರವನ್ನೇ ತಿರಸ್ಕರಿಸಿತು. ಇಷ್ಟು ದೊಡ್ಡ ದೇಶದಲ್ಲಿ ಒಂದು ಲಕ್ಷ ಏನು ಲೆಕ್ಕ ಅಂತಾನೆ ಗೆಳೆಯ. ನೀನು ಮೊದಲು ಕಾಲುವೆ ನೀರಿನ ಮನವಿಗೆ ಸಹಿ ಹಾಕು ಮಾರಾಯ, ಆಮೇಲೆ ಮಾತಾಡು ಅಂದೆ. ನಕ್ಕ, ಹಾಕಲಿಲ್ಲ.

ರಷ್ಯಾದವರು ಹೇಡಿಗಳು, ನಾವಾಗಿದ್ದರೆ ಬಿಡುತ್ತಿರಲಿಲ್ಲ ಅನ್ನುವವರೂ ಅಂಗಡಿಗೆ ಬರುತ್ತಾರೆ. ಅವರಿಗೆ ನಾನು 1977 ನೆನಪಿಸುತ್ತೇನೆ. ತುರ್ತು ಪರಿಸ್ಥಿತಿ ಮುಗಿಯುವ ಹೊತ್ತಿಗೆ ನಡೆದ ಚುನಾವಣೆ. ಉತ್ತರ ಭಾರತದಲ್ಲಿ ಇಂದಿರಾ ಗಾಂಧಿ ಪಕ್ಷ ಗುಡಿಸಿಹೋಯಿತು. ಕರ್ನಾಟಕದಲ್ಲಿ 28ರಲ್ಲಿ 26 ಸೀಟು ಅದೇ ಪಕ್ಷಕ್ಕೆ ಬಂತು. ರಾಯಚೂರು, ಬಳ್ಳಾರಿ, ಕೊಪ್ಪಳ ಮೂರೂ ಅದರಲ್ಲೇ. ಬೆಂಗಳೂರು ಜೈಲಿನಲ್ಲಿ ಅಡ್ವಾಣಿ, ವಾಜಪೇಯಿ ಇದ್ದದ್ದು, ನಟಿ ಸ್ನೇಹಲತಾ ರೆಡ್ಡಿ ಅದೇ ಜೈಲಿನಲ್ಲಿ ಕಾಯಿಲೆಯಿಂದ ನರಳಿ, ಬಿಡುಗಡೆಯಾದ ಸ್ವಲ್ಪ ದಿನಕ್ಕೇ ತೀರಿಕೊಂಡದ್ದು ನಮ್ಮ ಮತದ ಮೇಲೆ ಒಂದು ಗೆರೆಯನ್ನೂ ಎಳೆಯಲಿಲ್ಲ.

ಅಪ್ಪ ಆಗ ಮತ ಹಾಕಿದವರು. ಯಾಕೆ ಹಾಕಿದಿರಿ ಅಂತ ಕೇಳಿದೆ. ದೇವರಾಜ ಅರಸು ಕಾಲದ ಭೂಸುಧಾರಣೆಯಲ್ಲಿ ನಮ್ಮ ಗೇಣಿ ಹೊಲ ನಮ್ಮದೇ ಆಗುವ ಹೊತ್ತದು. "ನಮಗ ಹೊಲ ಬರೋದಿತ್ತೋ. ಜೈಲಿಗೆ ಹೋದೋರು ಯಾರಂತ ನಮಗೇನು ಗೊತ್ತು?" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಗೊತ್ತಿದ್ರೂ ಹಾಕ್ತಿದ್ದೆ" ಅಂತ ಸೇರಿಸಿದರು.