ಚೆಂಡೆಯ ರಿವರ್ಬ್ ಮತ್ತು ಹೊಸ ಚಿಪ್

ಉಡುಪಿಯಲ್ಲಿ ಯಕ್ಷಗಾನದ ರೆಕಾರ್ಡಿಂಗ್‌ಗಳನ್ನು ಮಿಕ್ಸ್ ಮಾಡುತ್ತೇನೆ. ಚೆಂಡೆಗೆ ನಾನು ಹಾಕುವ ರಿವರ್ಬ್ (ಅನುರಣನ) ಪ್ಲಗಿನ್, ಅಂದರೆ ಮಿಕ್ಸಿಂಗ್ ಸಾಫ್ಟ್‌ವೇರ್‌ಗೆ ಸೇರಿಸುವ ಪುಟ್ಟ ಪ್ರೋಗ್ರಾಂ, ಹಳೆಯದು. ಇಂಟೆಲ್ ಚಿಪ್‌ಗೆ ಬರೆದದ್ದು, ಬರೆದವರು ಎಂದೋ ಕೈಬಿಟ್ಟದ್ದು. ಆದರೂ ಅದರಷ್ಟು ಹದವಾಗಿ ಕೂರುವುದು ಬೇರೆ ಸಿಕ್ಕಿಲ್ಲ.

2020ರ ನವೆಂಬರ್‌ನಲ್ಲಿ ಇಂಟೆಲ್ ಬದಲು ಆಪಲ್‌ನದೇ ಆರ್ಮ್ ಬಗೆಯ ಎಂ1 ಚಿಪ್ ಇರುವ ಮ್ಯಾಕ್ ಕಂಪ್ಯೂಟರ್‌ಗಳು ಬಂದವು. ಇಂಟೆಲ್‌ಗೆ ಬರೆದ ಕೋಡನ್ನು ಆರ್ಮ್ ಚಿಪ್‌ನಲ್ಲಿ ಓಡಿಸಲು ಆಪಲ್‌ನ ಅನುವಾದಕ ಸಾಫ್ಟ್‌ವೇರ್ ರೊಸೆಟ್ಟಾ 2 ಇದೆ, ನಿಜ. ಆದರೆ ಒಂದೇ ಪ್ರೋಸೆಸ್‌ನೊಳಗೆ, ಅಂದರೆ ಓಡುತ್ತಿರುವ ಒಂದೇ ಪ್ರೋಗ್ರಾಂನೊಳಗೆ, ಎರಡೂ ಬಗೆಯ ಕೋಡ್ ಓಡುವುದಿಲ್ಲ. ಇಡೀ ಮಿಕ್ಸಿಂಗ್ ಸಾಫ್ಟ್‌ವೇರನ್ನೇ ರೊಸೆಟ್ಟಾದಲ್ಲಿ ತೆರೆಯಬೇಕು. ಇಲ್ಲವೇ ರೀಪರ್ ಎಂಬ ಮಿಕ್ಸಿಂಗ್ ಸಾಫ್ಟ್‌ವೇರ್ ಮಾಡುವ ಹಾಗೆ ಹಳೇ ಪ್ಲಗಿನನ್ನು ಬೇರೆ ಪ್ರೋಸೆಸ್‌ನಲ್ಲಿ ಇಟ್ಟು ಬ್ರಿಡ್ಜ್ ಮಾಡಬೇಕು, ಅಂದರೆ ಎರಡರ ನಡುವೆ ಸದ್ದು ಹೋಗಿಬರಲು ಸೇತುವೆ ಕಟ್ಟಬೇಕು. ನನಗೆ ಎರಡನೆಯದೇ ಇಷ್ಟ. ಸಿಪಿಯು ಸ್ವಲ್ಪ ಜಾಸ್ತಿ ತಿಂದರೆ ತಿನ್ನಲಿ. ಇನ್ನೂ ಹಳೆಯ ಬಗೆಯ 32 ಬಿಟ್ ಪ್ಲಗಿನ್‌ಗಳಿಗೆ ಈ ದಾರಿಯೂ ಇಲ್ಲ. 2019ರ ಮ್ಯಾಕ್‌ಒಎಸ್ ಕ್ಯಾಟಲಿನಾದಲ್ಲೇ ಅವುಗಳ ಕಥೆ ಮುಗಿದಿತ್ತು.

ಸೋರ್ಸ್ ಕೋಡ್ ಇದ್ದರೆ ಹೊಸ ಚಿಪ್‌ನ ಭಾಷೆಗೆ ಮತ್ತೆ ಕಂಪೈಲ್ ಮಾಡಿದರಾಯಿತು ಅಂತ ಸುಮ್ನೆ ಹೇಳಿಬಿಡುತ್ತಾರೆ. ಅಷ್ಟು ಸುಲಭ ಅಲ್ಲ. ವೇಗಕ್ಕೆಂದು ಕೈಯಾರೆ ಬರೆದ, ಇಂಟೆಲ್ ಚಿಪ್‌ಗಷ್ಟೇ ಅರ್ಥವಾಗುವ ಎಸ್‌ಎಸ್‌ಇ ಆದೇಶಗಳ ಸಾಲುಗಳನ್ನು ಆರ್ಮ್‌ನ ಅಂಥದೇ ಆದೇಶಗಳಾದ ನಿಯಾನ್‌ಗೆ ಬದಲಿಸಬೇಕು. ಎಸ್‌ಎಸ್‌ಇ2ನಿಯಾನ್ ಎಂಬ ಹೆಡರ್ ಫೈಲ್ ಇದರಲ್ಲಿ ಬಹಳ ಕೆಲಸ ಉಳಿಸುತ್ತದೆ. ಇನ್ನು ರಿವರ್ಬ್‌ನ ಬಾಲ ಸಣ್ಣಗಾಗುತ್ತಾ ಸೊನ್ನೆಯ ಹತ್ತಿರ ಬಂದಾಗ ಹುಟ್ಟುವ ಅತಿ ಚಿಕ್ಕ ಸಂಖ್ಯೆಗಳು, ಅಂದರೆ ಡೀನಾರ್ಮಲ್‌ಗಳು. ಇವು ಲೆಕ್ಕವನ್ನು ನಿಧಾನ ಮಾಡಬಲ್ಲವು. ಅವನ್ನು ಸೊನ್ನೆಯಾಗಿಸುವ ಸ್ವಿಚ್ ಇಂಟೆಲ್‌ನಲ್ಲಿ ಒಂದು ರಿಜಿಸ್ಟರ್‌ನಲ್ಲಿ (ಚಿಪ್‌ನೊಳಗಿನ ಪುಟ್ಟ ನೆನಪಿನ ಜಾಗ) ಇದ್ದರೆ, ಆರ್ಮ್‌ನಲ್ಲಿ ಇನ್ನೊಂದರಲ್ಲಿ. ಕಿವಿಗೆ ಕೇಳದ ಸದ್ದಿಗೆ ಇಷ್ಟು ಉಪಚಾರ!

ಮ್ಯಾಕ್‌ಒಎಸ್ 27ರವರೆಗೆ ರೊಸೆಟ್ಟಾ ಪೂರ್ತಿಯಾಗಿ ಇರುತ್ತದೆ, ಆಮೇಲೆ ಕೆಲವು ಹಳೇ ಗೇಮ್‌ಗಳಿಗಷ್ಟೇ ಎಂದು ಆಪಲ್ 2025ರಲ್ಲಿ ಹೇಳಿದೆ. ಹಾಗಾಗಿ, ನಾಳೆ ಪ್ಲಗಿನ್ ಓಡದಿದ್ದರೂ ಸದ್ದು ಉಳಿಯಲಿ ಎಂದು, ಈಗ ಹಳೇ ಪ್ರಾಜೆಕ್ಟ್‌ಗಳನ್ನು ತೆರೆದು, ಪ್ರತಿ ಚೆಂಡೆ ಟ್ರ್ಯಾಕನ್ನೂ ರಿವರ್ಬ್ ಸಮೇತ ಒಂದು, ರಿವರ್ಬ್ ಇಲ್ಲದೆ ಒಂದು ವೇವ್ ಫೈಲ್ ಮಾಡಿ ಇಡುತ್ತಿದ್ದೇನೆ.